ಐಸ್ ಕರಗಲಿ, ಮೀನು ಹತ್ತಲಿ, ಆಮೇಲೆ ಗಾಳ

ಮಿನಿಯಾಪೊಲಿಸ್,
ಏಪ್ರಿಲ್ ಮೊದಲ ವಾರ

ಮಿನ್ನೆಸೋಟದಲ್ಲಿ ನೆಲೆಸಿರುವ ಕನ್ನಡದ ಗಾಳಗಾರ ಗೆಳೆಯರೇ, ಗೆಳತಿಯರೇ,

ನಿಮ್ಮ ಮನೆಯ ಗ್ಯಾರೇಜಿನಲ್ಲಿ ಈಗ ಏನು ನಡೆದಿದೆ ಎಂದು ನನಗೆ ಗೊತ್ತು. ರೀಲು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟಾಗಿದೆ. ಹೋದ ವರ್ಷದ ಸುರುಳಿಗಟ್ಟಿದ ದಾರ ಕಿತ್ತು ಹೊಸ ದಾರ ಸುತ್ತಿಯಾಗಿದೆ. ಟ್ಯಾಕಲ್ ಪೆಟ್ಟಿಗೆಯನ್ನು ನೆಲಕ್ಕೆ ಸುರಿದು, ತುಕ್ಕು ಹಿಡಿದ ಗಾಳಗಳನ್ನು ಬೇರೆ ಮಾಡಿ, ಜಿಗ್‌ಗಳನ್ನು ಬಣ್ಣ ನೋಡಿ ಜೋಡಿಸಿ, ಮತ್ತೆ ಕೆದರಿ, ಮತ್ತೆ ಜೋಡಿಸಿಯೂ ಆಗಿದೆ. ಕೆಲಸದಿಂದ ಮನೆಗೆ ಬರುವಾಗ ಹತ್ತಿರದ ರಸ್ತೆ ಬಿಟ್ಟು ಸರೋವರದ ಪಕ್ಕದ ರಸ್ತೆ ಹಿಡಿಯುತ್ತೀರಿ. ಬಿಳಿ ಇದ್ದದ್ದು ಬೂದಿ ಬಣ್ಣಕ್ಕೆ ತಿರುಗಿತೇ, ದಡದಲ್ಲಿ ಒಂದು ಗೇಣಾದರೂ ನೀರು ಬಿಟ್ಟುಕೊಂಡಿತೇ ಎಂದು ಕಾರು ನಿಧಾನ ಮಾಡಿ ಇಣುಕುತ್ತೀರಿ. ನಾನೂ ಹಾಗೆಯೇ ಇಣುಕುವವನು. ಆ ಸಲಿಗೆಯಿಂದಲೇ ಈ ಪತ್ರ.

ಫೆಬ್ರವರಿಯ ಕೊನೆಯ ಭಾನುವಾರಕ್ಕೆ ಇಲ್ಲಿನ ಒಳನಾಡಿನ ನೀರುಗಳಲ್ಲಿ ವಾಲೈ ಮತ್ತು ನಾರ್ದರ್ನ್ ಪೈಕ್ ಮೀನುಗಳ ಕಾಲ ಮುಗಿಯಿತು. ಮಾರ್ಚ್ ಮೊದಲ ಸೋಮವಾರದ ಒಳಗೆ ದಕ್ಷಿಣದ, ಮೂರನೆಯ ಸೋಮವಾರದ ಒಳಗೆ ಉತ್ತರದ ಐಸ್ ಗುಡಿಸಲುಗಳೂ ಎದ್ದವು. ಇನ್ನು ಮೇ ನಡುವಿನ ಆ ಶನಿವಾರ, ಮೆಮೋರಿಯಲ್ ಡೇ ವಾರಾಂತ್ಯಕ್ಕೆ ಎರಡು ವಾರ ಮುಂಚಿನ ಶನಿವಾರ ಬರುವ ತನಕ ವಾಲೈಗೆ ಗಾಳ ಹಾಕುವ ಹಾಗಿಲ್ಲ. ಹತ್ತು ಹನ್ನೊಂದು ವಾರದ ಉಪವಾಸ. ನಮ್ಮ ಆಸೆ ಅತಿ ಹೆಚ್ಚು ಉಕ್ಕುವುದು ಈ ದಿನಗಳಲ್ಲಿ. ಮೀನು ಬಸಿರು ಹೊತ್ತು ನಡುನೀರಿನಿಂದ ದಡದ ಕಡೆಗೆ ಬರುವುದೂ ಇದೇ ದಿನಗಳಲ್ಲಿ. ಎರಡೂ ಒಂದೇ ಹೊತ್ತಿಗೆ ಆಗುವುದರಿಂದಲೇ ಕಾಯುವ ಹೊಣೆ ನಮ್ಮ ಮೇಲಿದೆ. ಮೀನು ಕಾಯಲಾರದು, ನಾವು ಕಾಯಬಲ್ಲೆವು. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ಜೀವದ ಮಾತು. ನಮ್ಮಲ್ಲಿ ಬಹಳ ಮಂದಿ ಸರೋವರದ ಮೇಲೆ ಐಸ್ ಕಂಡದ್ದೇ ಈ ದೇಶಕ್ಕೆ ಬಂದ ಮೇಲೆ. ಹೊಸದಾಗಿ ಕಟ್ಟಿದ ತಿಳಿ ಐಸ್ ನಾಲ್ಕು ಇಂಚು ದಪ್ಪವಿದ್ದರೆ ಒಬ್ಬ ಆಳು ನಡೆಯಬಹುದು ಎಂದು ಕಲಿತಿದ್ದೇವೆ. ಆ ಲೆಕ್ಕವನ್ನು ಏಪ್ರಿಲ್‌ಗೆ ತರಬೇಡಿ. ಈಗಿನ ಐಸ್ ಒಂದಡಿ ದಪ್ಪ ಇದ್ದರೂ ಒಳಗೆ ಟೊಳ್ಳು. ಬಿಸಿಲು ಹರಳುಗಳ ನಡುವಿನ ಸಂದಿಗಳಿಗೆ ಇಳಿದು, ಸಂದಿಗಳೆಲ್ಲ ಕರಗಿ, ಇಡೀ ಹಾಸು ನೆಟ್ಟಗೆ ನಿಂತ ಉದ್ದುದ್ದ ಕಡ್ಡಿಗಳಾಗಿ ಬೇರೆಯಾಗಿರುತ್ತದೆ. ಇಲ್ಲಿಯವರು ಇದಕ್ಕೆ ಕ್ಯಾಂಡಲ್ ಐಸ್ ಅನ್ನುತ್ತಾರೆ. ಗಾಳಿ ಬೀಸಿದಾಗ ದಡಕ್ಕೆ ಒತ್ತಿಬಂದ ಆ ಕಡ್ಡಿಗಳು ಒಂದಕ್ಕೊಂದು ತಾಗಿ ಗಾಜಿನ ಬಳೆಗಳ ಹಾಗೆ ಕಿಣಿಕಿಣಿ ಅನ್ನುತ್ತವೆ. ಒಂದು ತುಂಡು ಕೈಗೆತ್ತಿಕೊಂಡು ಮೆಲ್ಲಗೆ ಅಮುಕಿ ನೋಡಿ, ಗೇಣುದ್ದದ ಕಡ್ಡಿಗಳಾಗಿ ಬಿಚ್ಚಿ ಬೀಳುತ್ತದೆ. ಅದರ ಮೇಲೆ ಕಾಲಿಟ್ಟವನ ಕೆಳಗೂ ಹಾಗೆಯೇ ಬಿಚ್ಚುತ್ತದೆ. ಕೊನೆಯ ಸಲ ಎರಡು ಕ್ರಾಪಿ ಮೀನು ಎತ್ತಿಬಿಡೋಣ ಎಂಬ ಆಸೆಗೆ ಯಾರೂ ಕಾಲಿಡಬೇಡಿ. ಮಕ್ಕಳನ್ನು, ನಾಯಿಯನ್ನು ದಡದಿಂದ ಈಚೆಗೇ ಹಿಡಿದುಕೊಳ್ಳಿ.

ಐಸ್ ಯಾವಾಗ ಹೋಗುತ್ತದೆ ಎಂಬ ಪ್ರಶ್ನೆಗೆ ಈ ಊರಿನವರು ನೂರೈವತ್ತು ವರ್ಷಗಳಿಗೂ ಮೀರಿ ಲೆಕ್ಕ ಇಟ್ಟಿದ್ದಾರೆ. ಮಿನಟೊಂಕಾ ಸರೋವರದಲ್ಲಿ ಒಂದು ಕೊಲ್ಲಿಯಿಂದ ಇನ್ನೊಂದಕ್ಕೆ ದೋಣಿ ತಡೆಯಿಲ್ಲದೆ ದಾಟಿದರೆ ಐಸ್ ಹೋಯಿತು ಎಂದು ಸಾರುತ್ತಾರೆ. ಸಾಮಾನ್ಯವಾಗಿ ಅದು ಏಪ್ರಿಲ್ ನಡುವೆ. 2018ರಲ್ಲಿ ಮೇ ತಿಂಗಳು ಹುಟ್ಟಿದ ಮೇಲೆ ಹೋಯಿತು. 2024ರಲ್ಲಿ ಮಾರ್ಚ್ ನಡುವೆಯೇ ಹೋಗಿಬಿಟ್ಟಿತು. ಕ್ಯಾಲೆಂಡರಿನ ಶನಿವಾರ ಇದ್ದಲ್ಲೇ ಇರುತ್ತದೆ, ನೀರು ಮಾತ್ರ ತನ್ನ ಮರ್ಜಿಯಲ್ಲಿ ನಡೆಯುತ್ತದೆ. ತಡವಾಗಿ ಕರಗಿದ ವರ್ಷ ಗಾಳ ಶುರುವಾಗುವ ಆ ಶನಿವಾರವೂ ಮೀನು ಇನ್ನೂ ಮೊಟ್ಟೆ ಇಡುತ್ತಲೇ ಇರಬಹುದು. ದಿನಾಂಕ ತೆರೆಯಿತು ಎಂದ ಮಾತ್ರಕ್ಕೆ ಮೀನಿನ ಕೆಲಸ ಮುಗಿಯಿತು ಎಂದುಕೊಳ್ಳಬಾರದು.

ಐಸ್ ಹೋದ ಕೂಡಲೇ ನೀರಿನಲ್ಲಿ ಒಂದು ದೊಡ್ಡ ಕೆಲಸ ಶುರುವಾಗುತ್ತದೆ. ನೀರು ಅತಿ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಚಳಿಗಾಲವಿಡೀ ಅದಕ್ಕಿಂತ ತಣ್ಣಗಿದ್ದ ಮೇಲಿನ ನೀರು ಬಿಸಿಲಿಗೆ 4 ಡಿಗ್ರಿಗೆ ಏರಿದೊಡನೆ ಭಾರವಾಗಿ ಇಳಿಯುತ್ತದೆ, ತಳದ ನೀರು ಮೇಲೇಳುತ್ತದೆ, ಗಾಳಿ ಎರಡನ್ನೂ ಕಲೆಸುತ್ತದೆ. ತಿಂಗಳುಗಟ್ಟಲೆ ಉಸಿರು ಕಾಣದ ತಳಕ್ಕೆ ಆಮ್ಲಜನಕ ಮುಟ್ಟುತ್ತದೆ. ಪೈಕ್ ಮೀನು ಇಷ್ಟಕ್ಕೂ ಕಾಯುವುದಿಲ್ಲ. ಐಸ್ ಸಡಿಲವಾದದ್ದೇ ತಡ, ಹಿಮ ಕರಗಿದ ನೀರು ತುಂಬಿಕೊಂಡ ಜೌಗಿಗೆ, ರಸ್ತೆ ಬದಿಯ ಕಾಲುವೆಗೆ ನುಗ್ಗಿ, ಹೋದ ವರ್ಷದ ಮುಳುಗಿದ ಹುಲ್ಲಿನ ಮೇಲೆ ಮೊಟ್ಟೆ ಚೆಲ್ಲುತ್ತದೆ. ಅದರ ಹಿಂದೆಯೇ ವಾಲೈ.

ವಾಲೈ ಈ ರಾಜ್ಯದ ಮೀನೆಂದು 1965ರಲ್ಲಿ ಘೋಷಣೆಯಾಯಿತು. ಅದರ ಹೆರಿಗೆಯನ್ನು ನೀವು ಒಮ್ಮೆಯಾದರೂ ಕಣ್ಣಾರೆ ನೋಡಬೇಕು. ನೀರು 6ರಿಂದ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ, ಬೆಣಚುಕಲ್ಲು ಹಾಸಿದ ಹೊಳೆಗೋ ಅಲೆ ಬಡಿಯುವ ಕಲ್ಲುದಡಕ್ಕೋ ಗಂಡುಗಳು ಮೊದಲು ಬಂದು ಸೇರುತ್ತವೆ. ಹೆಣ್ಣು ಆಮೇಲೆ, ಕತ್ತಲಾದ ಮೇಲೆ ಬರುತ್ತದೆ. ಹೊಳೆಯ ಸೇತುವೆಯ ಮೇಲೆ ನಿಂತು ಟಾರ್ಚ್ ಹಾಯಿಸಿದರೆ ಮೊದಲು ಕಾಣುವುದು ಕಣ್ಣುಗಳು. ಮಬ್ಬು ನೀರಿನಲ್ಲೂ ಕಾಣಲೆಂದು ಅದರ ಕಣ್ಣಿನೊಳಗೆ ಬೆಳಕನ್ನು ಹಿಂದಕ್ಕೆ ಎಸೆಯುವ ಪದರವೊಂದಿದೆ. ಮೊಣಕಾಲುದ್ದದ ನೀರಿನಲ್ಲಿ ಆ ಕಣ್ಣುಗಳು ಜೋಡಿಜೋಡಿಯಾಗಿ, ಹರಿವಿಗೆ ಎದುರಾಗಿ, ಅಲುಗದೆ ನಿಂತಿರುತ್ತವೆ. ನಡುನಡುವೆ ಎರಡು ಮೂರು ಗಂಡುಗಳು ಒಂದು ಹೆಣ್ಣನ್ನು ಎರಡೂ ಪಕ್ಕದಿಂದ ಒತ್ತುತ್ತ ಮೇಲೆ ತರುತ್ತವೆ. ಬೆನ್ನುರೆಕ್ಕೆ ನೀರಿನಿಂದಾಚೆ ಬಂದು ಪಟಪಟ ಬಡಿಯುತ್ತದೆ. ಮೊಟ್ಟೆ ಕಲ್ಲುಗಳ ಸಂದಿಗೆ ಬೀಳುತ್ತದೆ. ಐದು ಪೌಂಡಿನ ಹೆಣ್ಣೊಂದು ಲಕ್ಷಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಗೂಡಿಲ್ಲ, ಕಾವಲಿಲ್ಲ, ಇಟ್ಟು ಹೊರಟುಹೋಗುತ್ತದೆ. ಎರಡು ಮೂರು ವಾರ ಆ ಮೊಟ್ಟೆಗಳ ಮೇಲೆ ಹೂಳು ಕೂರದಿದ್ದರೆ, ನೀರು ತಟ್ಟನೆ ತಣ್ಣಗಾಗದಿದ್ದರೆ, ಬೇರೆ ಮೀನು ತಿನ್ನದಿದ್ದರೆ, ಅಷ್ಟಿಷ್ಟು ಮರಿಯಾಗುತ್ತವೆ. ಲಕ್ಷಗಟ್ಟಲೆ ಮೊಟ್ಟೆ ಇಡುವುದು, ಉಳಿಯುವುದು ಅಷ್ಟು ಕಮ್ಮಿ ಎಂಬ ಕಾರಣಕ್ಕೆ.

ರಾತ್ರಿ ಹೊತ್ತು ಹೊಳೆಗೆ ಹೋಗಲಾರದವರು ವರ್ಮಿಲಿಯನ್ ಸರೋವರಕ್ಕೆ ಸೇರುವ ಪೈಕ್ ಹೊಳೆಯ ಕಡೆಗೆ ಏಪ್ರಿಲ್ ಕೊನೆಗೆ ಹೋಗಿ ಬನ್ನಿ. ರಾಜ್ಯದ ನಿಸರ್ಗ ಸಂಪನ್ಮೂಲ ಇಲಾಖೆ, ನಾವೆಲ್ಲ ಡಿಎನ್ಆರ್ ಅನ್ನುವುದು, ಅಲ್ಲಿ ಹತ್ತುವ ಮೀನನ್ನು ತಡೆದು ಮೊಟ್ಟೆ ತೆಗೆಯುತ್ತದೆ. ಎದೆಮಟ್ಟದ ರಬ್ಬರ್ ಉಡುಪು ಹಾಕಿಕೊಂಡ ಒಬ್ಬರು ಹೆಣ್ಣು ಮೀನನ್ನು ಬೋಗುಣಿಯ ಮೇಲೆ ಹಿಡಿದು ಹೊಟ್ಟೆಯ ಉದ್ದಕ್ಕೂ ಹೆಬ್ಬೆರಳು ಎಳೆಯುತ್ತಾರೆ. ಜೇನುಬಣ್ಣದ ಮೊಟ್ಟೆ ಧಾರೆಯಾಗಿ ಇಳಿಯುತ್ತದೆ. ಮತ್ತೊಬ್ಬರು ಗಂಡಿನ ಬೀಜ ಸೇರಿಸಿ ಕಲಸುತ್ತಾರೆ. ಮೊಟ್ಟೆ ಕಳೆದ ಹೆಣ್ಣು ಮರುಗಳಿಗೆ ನೀರಿಗೆ. ಆ ಮೊಟ್ಟೆಗಳು ಗಾಜಿನ ಜಾಡಿಗಳಲ್ಲಿ, ಹರಿವ ನೀರಿನಲ್ಲಿ ಉರುಳಾಡುತ್ತ ಮರಿಯಾಗಿ, ಒಂದು ಪಾಲು ಹುಟ್ಟಿದ ನೀರಿಗೇ ಮರಳಿ, ಉಳಿದವು ಬೇರೆ ಸರೋವರಗಳಿಗೆ ಹೋಗುತ್ತವೆ. ನಾವು ಕೊಡುವ ಲೈಸೆನ್ಸ್ ಹಣದಿಂದ ನಡೆಯುವ ಕೆಲಸ ಇದು. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಇದನ್ನೆಲ್ಲ ನೋಡಿದಾಗ ಮಲೆನಾಡಿನಿಂದ ಬಂದ ನಿಮಗೆ ಹತ್ತುಮೀನು ನೆನಪಾಗದೆ ಇರದು. ಮೃಗಶಿರ ಮಳೆ ಹಿಡಿದು, ಹಳ್ಳದ ನೀರು ಕೆಂಪಾಗಿ ಗದ್ದೆಗೆ ಏರಿದ ರಾತ್ರಿ, ತುಂಗೆಯ ಮೀನು ಹಳ್ಳಕ್ಕೆ, ಹಳ್ಳದ ಮೀನು ಗದ್ದೆಯ ಅಂಚಿಗೆ ಹತ್ತುತ್ತಿತ್ತು. ಒಡ್ಡು ಕಟ್ಟಿ ಕೂಣಿ ಇಡುವವರು, ಕಂಬಳಿಕೊಪ್ಪೆ ಹೊದ್ದು ಲಾಟೀನು ಹಿಡಿದು ಕತ್ತಿಯಲ್ಲಿ ಕಡಿಯುವವರು, ಇಡೀ ಊರೇ ಗದ್ದೆಬಯಲಲ್ಲಿ ಇರುತ್ತಿತ್ತು. ಬೇಸಗೆಯಿಡೀ ಕಾದ ಆಸೆ ಅದು. ಇಲ್ಲಿ ಹಿಮ ಕರಗಿದ ನೀರು, ಅಲ್ಲಿ ಮುಂಗಾರಿನ ನೀರು. ಎರಡು ಕಡೆಯೂ ಹೊಸನೀರಿನ ವಾಸನೆಗೆ ಎದ್ದು ಹರಿವಿಗೆ ಎದುರಾಗಿ ಹೊರಡುವುದು ಬಸುರಿ ಮೀನೇ. ಇಲ್ಲಿನವರು ಆ ಹೊತ್ತಿಗೆ ಕಾನೂನಿನ ಬೇಲಿ ಹಾಕಿದರು. ನಮ್ಮೂರಿನಲ್ಲಿ ಆ ಹೊತ್ತೇ ಹಿಡಿಯುವ ಹೊತ್ತಾಯಿತು.

ಹಿರಿಯರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಒಂದು ಮನೆಗೆ ಒಂದೆರಡು ಕೂಣಿ, ಒಂದೆರಡು ರಾತ್ರಿಯ ಮೀನು. ಹಿಡಿದದ್ದಕ್ಕಿಂತ ತಪ್ಪಿಸಿಕೊಂಡು ಹೋದದ್ದೇ ಹೆಚ್ಚು. ಹೊಳೆ ತುಂಬಿಕೊಂಡಿತ್ತು. ಈಗ ಅದೇ ಹಳ್ಳಗಳಿಗೆ ಕರೆಂಟ್ ಬಿಡುತ್ತಾರೆ, ಬ್ಲೀಚಿಂಗ್ ಪುಡಿ ಸುರಿಯುತ್ತಾರೆ, ಗುಂಡಿಗೆ ತೋಟೆ ಎಸೆಯುತ್ತಾರೆ. ಹತ್ತುವ ದಾರಿಗೆ ಅಡ್ಡಲಾಗಿ ಕಿಂಡಿಯಿಲ್ಲದ ಒಡ್ಡುಗಳು ಎದ್ದಿವೆ. ಗದ್ದೆ ಹೋಗಿ ತೋಟವಾಗಿದೆ. ಇಂಥ ಹೊತ್ತಿನಲ್ಲಿ ಬಸುರಿ ಮೀನು ಕಡಿಯುವುದು ಮೊದಲಿನ ಲೆಕ್ಕದ ಮಾತಲ್ಲ. ಜೂನ್‌ನಲ್ಲಿ ಊರಿಗೆ ಫೋನ್ ಮಾಡಿದಾಗ ತಮ್ಮನಿಗೋ ಭಾವನಿಗೋ ಒಂದು ಮಾತು ಹೇಳಿ: ಈ ಮಳೆಗೆ ಹತ್ತುವುದನ್ನು ಬಿಡಿ, ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಗಾಳ ಹಾಕಿ. ಬಿಡುವ ಪದ್ಧತಿ ನಮಗೆ ಹೊಸದೇನೂ ಅಲ್ಲ. ಶೃಂಗೇರಿಯ ಮೆಟ್ಟಿಲ ಬುಡದ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನು ಎಂದು ತಲೆತಲಾಂತರದಿಂದ ಬಿಟ್ಟಿದ್ದೇವೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಮಲ್ಪೆಯ ದಕ್ಕೆಯಲ್ಲಿ ಸಾಲಾಗಿ ಕಟ್ಟಿಹಾಕಿದ ದೋಣಿಗಳವರು ಹೊಟ್ಟೆಪಾಡಿಗೆ ಮೀನು ಹಿಡಿಯುವವರು. ಅವರು ದುಡಿಮೆ ಬಿಟ್ಟು ಎರಡು ತಿಂಗಳು ಕಾಯುವಾಗ, ಸಂತೋಷಕ್ಕೆ ಗಾಳ ಹಾಕುವ ನಾವು ಕಾಯಲಾರೆವೇ?

ಇನ್ನೊಂದು ವಿಷಯ, ಸ್ವಲ್ಪ ಸೂಕ್ಷ್ಮವಾದದ್ದು. ದೋಣಿ ಇಳಿಸುವ ಜಾಗಗಳಲ್ಲಿ, ಬೈಟ್ ಅಂಗಡಿಗಳಲ್ಲಿ ಈ ದಿನಗಳಲ್ಲಿ ಒಂದು ಮಾತು ಓಡಾಡುತ್ತದೆ: ನಮಗೆಲ್ಲ ಬೀಗ ಹಾಕಿ ಮೂಲನಿವಾಸಿಗಳಿಗೆ ಮಾತ್ರ ಬಾಗಿಲು ತೆರೆದಿದ್ದಾರೆ ಎಂದು. ದಯವಿಟ್ಟು ಆ ಮಾತಿಗೆ ತಲೆಯಾಡಿಸಬೇಡಿ. ಒಜಿಬ್ವೆ ಜನ 1837ರ ಒಪ್ಪಂದದಲ್ಲಿ ನೆಲವನ್ನು ಬಿಟ್ಟುಕೊಟ್ಟರು, ಬೇಟೆಯ ಮತ್ತು ಮೀನಿನ ಹಕ್ಕನ್ನು ಇಟ್ಟುಕೊಂಡರು. ಆ ಹಕ್ಕು ಇವತ್ತಿಗೂ ಜೀವಂತ ಎಂದು 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮಿಲ್ ಲ್ಯಾಕ್ಸ್ ಪ್ರಕರಣದಲ್ಲಿ 5–4ರ ಬಹುಮತದಿಂದ ಹೇಳಿತು. ಪಕ್ಕದ ವಿಸ್ಕಾನ್ಸಿನ್‌ನಲ್ಲಿ 1980ರ ದಶಕದ ಕೊನೆಯಲ್ಲಿ ವಸಂತದ ರಾತ್ರಿ ಈಟಿಯಿಂದ ವಾಲೈ ಹಿಡಿಯಲು ಹೋದ ಒಜಿಬ್ವೆ ಕುಟುಂಬಗಳ ಮೇಲೆ ದಡದಲ್ಲಿ ನಿಂತವರು ಬೈಗುಳ, ಕಲ್ಲು ಎಸೆದರು. ಆ ಸಾಲಿನಲ್ಲಿ ನಿಲ್ಲುವ ಜನ ನಾವಾಗಬಾರದು. ಅಲ್ಲಿ ಈಟಿಗೆ ಸಿಕ್ಕ ಪ್ರತಿ ಮೀನನ್ನೂ ದಡದಲ್ಲೇ ಎಣಿಸಿ ಬರೆದುಕೊಳ್ಳುತ್ತಾರೆ. ಸರೋವರಕ್ಕೆ ಇಷ್ಟು ಎಂದು ಮೊದಲೇ ಗೊತ್ತುಮಾಡಿದ ಮಿತಿ ಮುಟ್ಟಿದರೆ ಅಲ್ಲಿಗೆ ಮುಗಿಯಿತು. ಕಾಯುವುದು ಒಂದು ಬಗೆಯ ಶಿಸ್ತಾದರೆ, ಎಣಿಸಿ ಹಿಡಿಯುವುದು ಇನ್ನೊಂದು. ಎರಡರಿಂದಲೂ ಮೀನು ಉಳಿಯುತ್ತದೆ.

ಎಣಿಕೆಯೂ ಇಲ್ಲದೆ, ಕಾಯುವ ಮನಸ್ಸೂ ಇಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಉತ್ತರದ ರೆಡ್ ಲೇಕ್ ಸಾಕ್ಷಿ. ಇದರ ಹೆಚ್ಚಿನ ಭಾಗ ರೆಡ್ ಲೇಕ್ ಒಜಿಬ್ವೆ ಜನರದ್ದು, ಮೇಲಿನ ಸರೋವರದ ಪೂರ್ವದ ಪಾಲು ರಾಜ್ಯದ್ದು. ಆ ಕಡೆ ವ್ಯಾಪಾರದ ಬಲೆ, ಈ ಕಡೆ ನಮ್ಮಂಥವರ ಗಾಳ, ಎರಡೂ ಕಡೆ ಕಳ್ಳತನದ ಹಿಡಿತ ಎಲ್ಲ ಸೇರಿ 1990ರ ದಶಕದ ನಡುವಿಗೆ ವಾಲೈ ನೆಲಕಚ್ಚಿತು. ಮೊದಲು ಬಲೆ ಎತ್ತಿಟ್ಟವರು ರೆಡ್ ಲೇಕ್‌ನ ಮೀನುಗಾರರೇ. 1999ರಲ್ಲಿ ರಾಜ್ಯವೂ ಅವರೂ ಕೂತು ಒಪ್ಪಂದ ಮಾಡಿಕೊಂಡು ಇಡೀ ಸರೋವರದಲ್ಲಿ ವಾಲೈ ಹಿಡಿಯುವುದನ್ನು ನಿಲ್ಲಿಸಿದರು. 1999, 2001, 2003ರಲ್ಲಿ ಕೋಟಿಗಟ್ಟಲೆ ಮರಿ ಬಿಟ್ಟರು. ಬಿಟ್ಟು ಕಾದರು. ದಡದ ಅಂಗಡಿ, ರೆಸಾರ್ಟುಗಳು ಕಷ್ಟಕ್ಕೆ ಬಿದ್ದವು, ಕೆಲವು ಬಾಗಿಲು ಹಾಕಿದವು. 2006ರ ವಸಂತದಲ್ಲಿ ಸರೋವರ ತೆರೆದಾಗ ವಾಲೈ ಮತ್ತೆ ತುಂಬಿತ್ತು. ಇವತ್ತು ನೀವು ಚಳಿಗಾಲದಲ್ಲಿ ಅಲ್ಲಿ ಐಸ್ ಕೊರೆದು ಮೀನು ಎತ್ತುವುದು ಆ ಏಳು ವರ್ಷ ಕಾದವರ ದೆಸೆಯಿಂದ. ನಾವು ಹನ್ನೊಂದು ವಾರಕ್ಕೆ ಚಡಪಡಿಸುವಾಗ ಅವರನ್ನು ನೆನೆಯಬೇಕು.

ಹಾಗೆಂದು ಮೇ ತನಕ ಕೈಕಟ್ಟಿ ಕೂರಿ ಎಂದು ಹೇಳುತ್ತಿಲ್ಲ. ಕ್ರಾಪಿ, ಸನ್‌ಫಿಶ್‌ಗಳಿಗೆ ವರ್ಷವಿಡೀ ಅವಕಾಶವಿದೆ. ಐಸ್ ಹೋದ ಮೊದಲ ವಾರಗಳಲ್ಲಿ ಉತ್ತರ ದಡದ, ಕಪ್ಪು ಕೆಸರು ತಳದ ಸಣ್ಣ ಕೊಲ್ಲಿಗಳು ಬೇಗ ಬೆಚ್ಚಗಾಗುತ್ತವೆ. ಮಧ್ಯಾಹ್ನದ ಬಿಸಿಲಿಗೆ ಕ್ರಾಪಿಗಳು ಅಲ್ಲಿ ಸೇರುತ್ತವೆ. ಬೆಂಡು ಕಟ್ಟಿ ಒಂದೆರಡು ಅಡಿ ಆಳಕ್ಕೆ ಸಣ್ಣ ಜಿಗ್ ಬಿಡಿ. ಸಾರಿಗೆ ಬೇಕಾದಷ್ಟು ಸಿಕ್ಕ ಮೇಲೆ ದಾರ ಸುತ್ತಿಬಿಡಿ. ಗುಂಪಾಗಿ ನಿಂತ ಮೀನು ಸುಲಭಕ್ಕೆ ಸಿಗುತ್ತದೆ ಎಂದು ಡಬ್ಬಿ ತುಂಬಬೇಡಿ. ವಿಸ್ಕಾನ್ಸಿನ್ ಗಡಿಯ ಮಿಸಿಸಿಪ್ಪಿಯಲ್ಲಿ ವಾಲೈಗೆ ಮುಚ್ಚುವ ಕಾಲವೇ ಇಲ್ಲ. ರೆಡ್ ವಿಂಗ್ ಬಳಿ ಅಣೆಕಟ್ಟಿನ ಕೆಳಗೆ ಈಗ ದೋಣಿಗೆ ದೋಣಿ ತಾಗುವಷ್ಟು ಜನ. ಹೋಗಬೇಡಿ ಎನ್ನಲಾರೆ, ಅದು ಕಾನೂನಿನ ಒಳಗಿದೆ. ಆದರೆ ಅಲ್ಲಿ ಸಿಗುವ ಹೊಟ್ಟೆ ಉಬ್ಬಿದ ದೊಡ್ಡ ಮೀನು ಹೆಣ್ಣು, ಮೊಟ್ಟೆ ಇಡಲು ಹೊರಟದ್ದು. ಕೈ ಒದ್ದೆ ಮಾಡಿಕೊಂಡು, ಹೊಟ್ಟೆ ಅಮುಕದೆ, ಫೋಟೋಕ್ಕೆ ಸತಾಯಿಸದೆ ಬಿಟ್ಟುಬಿಡಿ. ಬಾಣಲೆಗೆ ಸಣ್ಣ ಗಂಡು ಮೀನೇ ರುಚಿ, ರವೆ ಹಚ್ಚಿ ಕಾಯಿಸಿ ನೋಡಿ.

ಈ ಬಿಡುವಿನಲ್ಲಿ ಮಾಡಬೇಕಾದ ಕೆಲಸ ಇನ್ನೂ ಇದೆ. ಪೆಟ್ಟಿಗೆ ಹೇಗೂ ಸುರಿದಿದ್ದೀರಿ, ಸೀಸದ ಗುಂಡುಗಳನ್ನು ಆರಿಸಿ ತೆಗೆಯಿರಿ. ನಾವು ಕಳಕೊಂಡ ಗುಂಡನ್ನು ಲೂನ್ ಹಕ್ಕಿ ತಳದ ಬೆಣಚುಕಲ್ಲಿನ ಜೊತೆ ನುಂಗುತ್ತದೆ, ಒಂದೇ ಗುಂಡಿನ ವಿಷಕ್ಕೆ ಸಾಯುತ್ತದೆ. ತವರದ, ಟಂಗ್‌ಸ್ಟನ್‌ನ ಗುಂಡುಗಳು ಈಗ ಅಂಗಡಿಗಳಲ್ಲಿ ಸಿಗುತ್ತವೆ. ದೋಣಿ ಇರುವವರು ತಳದ ಬಿರಡೆ ತೆಗೆದು ನೀರು ಪೂರ್ತಿ ಬಸಿದು, ಟ್ರೇಲರಿಗೆ ಅಂಟಿದ ಜೊಂಡು ಕಿತ್ತು ಒಣಗಿಸಿಯೇ ಬೇರೆ ಸರೋವರಕ್ಕೆ ಇಳಿಸಿ. ಹೀಗೆ ದೋಣಿಗೆ ಅಂಟಿ ಹರಡುವ ಜೀಬ್ರಾ ಚಿಪ್ಪು 2005ರಲ್ಲಿ ಮಿಲ್ ಲ್ಯಾಕ್ಸ್ ಸರೋವರದಲ್ಲಿ, 2010ರಲ್ಲಿ ಮಿನಟೊಂಕಾದಲ್ಲಿ ಕಾಣಿಸಿಕೊಂಡಿತು. ಒಮ್ಮೆ ಬಂದದ್ದನ್ನು ಓಡಿಸುವ ಉಪಾಯ ಯಾರ ಹತ್ತಿರವೂ ಇಲ್ಲ. ಬೇಸಗೆಗೆ ಊರಿನಿಂದ ಅಪ್ಪ ಅಮ್ಮ ಬರುವವರಿದ್ದರೆ ಅವರ ಹೆಸರಿಗೂ ಕೆಲವು ದಿನದ ಲೈಸೆನ್ಸ್ ಮಾಡಿಸಿ. ಮಾತಿಗೆ ಜನ ಸಿಗದ ಈ ಊರಿನಲ್ಲಿ, ಗೋಡೆ ನೋಡಿ ಕೂರುವ ಅಪ್ಪನ ಕೈಗೆ ಒಂದು ಗಾಳ ಕೊಟ್ಟು ದಡದಲ್ಲಿ ಕೂರಿಸಿದರೆ, ಅವರು ತಮ್ಮ ಹೊಳೆಯ ಕತೆಗಳನ್ನು ಮೊಮ್ಮಕ್ಕಳಿಗೆ ಹೇಳುತ್ತಾರೆ. ಆ ಕತೆಗಳಿಗಾಗಿಯೂ ಮೀನು ಉಳಿಯಬೇಕು.

ಮೇ ನಡುವಿನ ಆ ಶನಿವಾರ, ಮಧ್ಯರಾತ್ರಿ ಹನ್ನೆರಡು ಹೊಡೆದ ಗಳಿಗೆಯಿಂದ ವಾಲೈ ನಮ್ಮದು. 1948ರಿಂದ ರಾಜ್ಯಪಾಲರೇ ದೋಣಿ ಹತ್ತಿ ಗಾಳ ಹಾಕಿ ಆರಂಭಿಸುವ ಹಬ್ಬ ಅದು. ನಾವೂ ಹೋಗೋಣ, ಬುತ್ತಿ ಕಟ್ಟಿಕೊಂಡು, ಮನೆಮಂದಿಯ ಜೊತೆ. 20 ಇಂಚು ದಾಟಿದ ವಾಲೈಯಲ್ಲಿ ಒಂದನ್ನು ಇಟ್ಟುಕೊಳ್ಳಲು ಕಾನೂನು ಬಿಡುತ್ತದೆ. ಆ ಒಂದನ್ನೂ ಬಿಟ್ಟುಬಿಡೋಣ ಎಂಬುದು ನಿಮ್ಮೆಲ್ಲರಲ್ಲಿ ನನ್ನ ಕೇಳಿಕೆ. ವಾಟೆಹುಳಿ ಹಾಕಿದ ಸಾರಿಗೆ 15 ಇಂಚಿನ ಮೀನು ಧಾರಾಳ ಸಾಕು. ದೊಡ್ಡದು ಮುಂದಿನ ಏಪ್ರಿಲ್‌ನಲ್ಲಿ ಲಕ್ಷ ಮೊಟ್ಟೆ ಇಡುತ್ತದೆ. ಹೊಸ ಲೈಸೆನ್ಸ್ ವರ್ಷ ಮಾರ್ಚ್ 1ರಿಂದಲೇ ಶುರುವಾಗಿದೆ, ಇನ್ನೂ ಮಾಡಿಸದಿದ್ದರೆ ಈ ವಾರ ಮಾಡಿಸಿಕೊಳ್ಳಿ. ನಿಮ್ಮ ಜೊತೆ ಗಾಳ ಹಿಡಿಯುವ ಒಬ್ಬ ಹೊಸಬರಿಗೆ ಈ ಪತ್ರವನ್ನು ಓದಿ ಹೇಳಿ.

ಎಲ್ಲರಿಗೂ ಒಳ್ಳೆಯ ನೀರು, ಒಳ್ಳೆಯ ಮೀನು ಸಿಗಲಿ.

ಇಂತಿ ನಿಮ್ಮವ,
ತುಂಗೆಯ ದಡದಿಂದ ಬಂದ ಗಾಳಗಾರ